ಸಂತ ತೋಮರ ಎರಡಡಿ ಫೈಬರ್ ಸ್ವರೂಪ: ಮುಖ ಚೆಂದ, ಈಟಿ ಸಡಿಲ

ದಾವಣಗೆರೆಯ ಅಂಗಡಿಯೊಂದರಲ್ಲಿ ಸಿಗುವ ಸಂತ ತೋಮರ ಈ ಸ್ವರೂಪದಲ್ಲಿ (ಪ್ರತಿಮೆಯಲ್ಲಿ) ಗುರುತುಗಳು ಸರಿಯಾಗಿವೆ: ಒಂದು ಕೈಯಲ್ಲಿ ಬಡಗಿಯ ಮೂಲೆಮಟ್ಟ, ಇನ್ನೊಂದರಲ್ಲಿ ಈಟಿ. ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದ ಈ ಪ್ರೇಷಿತರು (ಯೇಸುವಿನ ಆಪ್ತ ಶಿಷ್ಯರು) 72ರಲ್ಲಿ ಚೆನ್ನೈನ ಮೈಲಾಪುರದ ಬಳಿ ಈಟಿಯ ತಿವಿತಕ್ಕೆ ಪ್ರಾಣ ತೆತ್ತು ರಕ್ತಸಾಕ್ಷಿಯಾದರೆಂಬುದು ಪರಂಪರೆ. ಅಂಥ ಈಟಿಯನ್ನೇ ಬರೀ ಅಂಟಿನಲ್ಲಿ ನಿಲ್ಲಿಸಿದ್ದಾರೆ! ತೇರಿನ ಕುಲುಕಾಟಕ್ಕೆ ಮೊದಲು ಕಳಚುವುದು ಅದೇ. ಮುಷ್ಟಿಯಲ್ಲಿ ತೂತು ಕೊರೆದು ಸ್ಟೀಲ್ ಕಡ್ಡಿ ಕೂರಿಸಿ, ಎಂ-ಸೀಲ್ ತುಂಬಿ, ಒಂದು ದಿನ ಬಿಡಿ. ಒಳಗೆಲ್ಲ ಪೊಳ್ಳು, ಪೀಠದೊಳಗೆ ಎರಡು ಕಿಲೋ ಮರಳಿನ ಚೀಲ ಇಡದಿದ್ದರೆ ವಾಲುತ್ತದೆ. ಆದರೂ ಪ್ಲಾಸ್ಟರಿಗಿಂತ ವಾಸಿ, ತೇವ ಕುಡಿಯುವುದಿಲ್ಲ. ಹಬ್ಬ ಜುಲೈ 3. ಜೊತೆಗೆ ಕೊಡುವ ಚೀಟಿಯಲ್ಲಿರುವ ಡಿಸೆಂಬರ್ 21, ರೋಮನ್ ಕಥೋಲಿಕ ಕ್ಯಾಲೆಂಡರಿನಲ್ಲಿ 1969ಕ್ಕೂ ಹಿಂದಿನ ಲೆಕ್ಕ.