ಎಪ್ಸನ್ ಎಲ್805: ಆಲ್ಬಮ್ಮಿಗೆ ಸರಿ, ಗೋಡೆಗೆ?

ಈ ಫೋಟೊ ಪ್ರಿಂಟರಿನ ವೇಗ, ವೈ-ಫೈ ಎಲ್ಲವೂ ಡಬ್ಬಿಯ ಮೇಲೆಯೇ ಇವೆ. ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಹೇಳಬೇಕೆನಿಸಿರುವುದು ಇಂಕಿನ ಬಗ್ಗೆ.

ತಂಗಿಯ ಮದುವೆಯ ಒಂದು ಫೋಟೊವನ್ನು ಕಂಪನಿಯ ಇಂಕಿನಲ್ಲಿ ಮನೆಯಲ್ಲೇ ಮುದ್ರಿಸಿದೆ. ಅದೇ ಫೈಲನ್ನು ಊರಿನ ಸ್ಟುಡಿಯೊದವರು ಹೊರಗಿನ ಅಗ್ಗದ ಇಂಕ್ ತುಂಬಿದ ತಮ್ಮ ಯಂತ್ರದಲ್ಲಿ ಮುದ್ರಿಸಿಕೊಟ್ಟರು. ಆ ದಿನ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಕಿಟಕಿಯೆದುರಿನ ಗೋಡೆಯಲ್ಲಿ ಬೇಸಿಗೆ ಕಳೆದು ಬೇಸಿಗೆ ಬರುವಷ್ಟರಲ್ಲಿ ಸ್ಟುಡಿಯೊ ಪ್ರತಿಯ ಕುಂಕುಮಗೆಂಪು ಸೆರಗು ಕಾವಿಯಾಗಿ, ಅರಿಶಿನದ ಕಡೆಗೆ ಹೊರಳಿತು. ಮದುಮಗಳ ಕೆನ್ನೆ ಹಸಿರುಗಟ್ಟಿತು. ಇಂಕಿನ ಗುಲಾಬಿಗೆಂಪು, ಅಂದರೆ ಮೆಜೆಂಟಾ, ಹಾರಿಹೋದ ಲಕ್ಷಣ ಅದು. ಮದುವೆಯ ಫೋಟೊಗೆ ಹಣ ಪಡೆಯುವವರು ಯಾವ ಇಂಕ್ ಎಂದು ಮೊದಲೇ ಹೇಳಬೇಡವೇ? ಇವತ್ತಿಗೂ ಸಿಟ್ಟಿದೆ.

ಎಲ್805ರ ಆರು ಬಣ್ಣಗಳೂ ಡೈ ಇಂಕ್. ತಿಳಿ ಸಯಾನ್ (ಹಸಿರುನೀಲಿ), ತಿಳಿ ಮೆಜೆಂಟಾ ಇರುವುದರಿಂದ ಮುಖದ ಮೇಲೆ ಚುಕ್ಕಿ ಕಾಣದು. ಗ್ಲಾಸಿ ಹಾಳೆಯಲ್ಲಿ ರೇಷ್ಮೆಯ ಹೊಳಪು ಹಾಗೆಯೇ ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಫಿಯ ಜೊತೆ, ಇಂಕಿನ ರಂಧ್ರಗಳು ಕಟ್ಟಿಲ್ಲವೇ ಎಂದು ನೋಡುವ ನಾಝಲ್ ಚೆಕ್, ಬಳಿಕ ಆರೂ ಬಣ್ಣ ಓಡುವಂಥ ಒಂದು ಚಿಕ್ಕ ಫೋಟೊ. ಹಾಳೆ ಮೆಲ್ಲಗೆ ಹೊರಬರುವಾಗ ಮೊದಲು ಆಕಾಶ, ಆಮೇಲೆ ತಲೆಗೂದಲು, ಕೊನೆಗೆ ಮುಖ. ರಾತ್ರಿಯಿಡೀ ಒಣಗಿದ ಮೇಲೆಯೇ ಆಲ್ಬಮ್ಮಿಗೆ. ಮುಚ್ಚಿದ ಆಲ್ಬಮ್ಮಿನಲ್ಲಿರುವ ಹಳೆಯ ಪ್ರತಿಗಳು ಇಂದಿಗೂ ಹೊಸತರಂತಿವೆ.

ಆದರೆ ಕಂಪನಿಯದೇ ಆದರೂ ಡೈ ಡೈಯೇ. ಅದು ನೀರಿನಲ್ಲಿ ಕರಗಿದ ಬಣ್ಣ. ಬಿಸಿಲೂ ಗಾಳಿಯ ಓಝೋನೂ ಅದನ್ನು ಒಡೆಯುತ್ತವೆ. 2000ರಲ್ಲಿ ಎಪ್ಸನ್ ಸ್ಟೈಲಸ್ ಫೋಟೊ 1270ರ ಮುದ್ರಣಗಳು ಕಿತ್ತಳೆಗೆ ತಿರುಗಿ ಗದ್ದಲವಾಗಿದ್ದೂ ಓಝೋನಿನಿಂದಲೇ. ಗಾಜಿನ ಫ್ರೇಮ್ ಗಾಳಿಯನ್ನು ತಡೆಯುತ್ತದೆ, ಬೆಳಕನ್ನು ಪೂರ್ತಿ ತಡೆಯದು.

ಗೋಡೆಗೆಂದೇ ಆದರೆ ಪಿಗ್ಮೆಂಟ್ ಇಂಕ್ ಬೇಕು. ಕರಗದ ಕಣಗಳಾದ್ದರಿಂದ ಬೆಳಕಿಗೆ ಹೆಚ್ಚು ಬಾಳುತ್ತದೆ. ಗೆಳೆಯನ ಪಿಗ್ಮೆಂಟ್ ಪ್ರಿಂಟರಿನಲ್ಲಿ ಅದೇ ಫೋಟೊ ತೆಗೆಸಿ ನೋಡಿದೆ: ಗ್ಲಾಸಿ ಹಾಳೆಯನ್ನು ಓರೆ ಹಿಡಿದರೆ ಕಪ್ಪು ಜಡೆಯ ಮೇಲೆ ತಾಮ್ರದ ಮಿಂಚು. ಮ್ಯಾಟ್ ಹಾಳೆಯಲ್ಲಿ ಆ ತೊಂದರೆ ಇಲ್ಲ, ಕಪ್ಪು ಮಾತ್ರ ಅಷ್ಟು ಗಾಢವಲ್ಲ. ಆ ಯಂತ್ರ, ಅದರ ಕಾರ್ಟ್ರಿಜ್‌ಗಳ ಖರ್ಚು ನನ್ನ ಸಂಬಳಕ್ಕೆ ಹೊಂದುವುದಿಲ್ಲ. ಹಾಗಾಗಿ ಎಲ್805 ಇಲ್ಲೇ ಇರುತ್ತದೆ, 70 ಮಿಲಿ ಇಂಕ್ ಬಾಟಲಿ ಕಂಪನಿಯದೇ ಬರುತ್ತದೆ; ಗೋಡೆಗೆ ಹಾಕುವ ನಾಲ್ಕಾರು ಫೋಟೊಗಳನ್ನು ಮಾತ್ರ ಗೆಳೆಯನಲ್ಲಿ ಮ್ಯಾಟ್ ಹಾಳೆಯ ಮೇಲೆ ತೆಗೆಸುತ್ತೇನೆ.