ಫ್ಲೋಟಾ, ಡಬಲ್ಲಾ? ಒಂದು ಕೋಟಿ ಸಲ ಕೂಡಿಸಿ ನೋಡಿದಾಗ

ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 ಅನ್ನು ಒಂದು ಕೋಟಿ ಸಲ ಕೂಡಿಸುವ ಲೂಪ್ ಬರೆದೆ. ಬರಬೇಕಾದ ಉತ್ತರ 10 ಲಕ್ಷ. ದಶಮಾಂಶ ಸಂಖ್ಯೆ ಇಡಲು ಸಿಯಲ್ಲಿ ಮುಖ್ಯವಾಗಿ ಬಳಸುವ ಎರಡು ಟೈಪ್ ಫ್ಲೋಟ್ ಮತ್ತು ಡಬಲ್; ಎರಡರಲ್ಲೂ ಓಡಿಸಿದೆ. ಡಬಲ್‌ನಲ್ಲಿ ಬಂದದ್ದು 9,99,999.9998. ಫ್ಲೋಟ್‌ನಲ್ಲಿ 10,87,937. ಹತ್ತಿರ ಹತ್ತಿರ 88 ಸಾವಿರ ಜಾಸ್ತಿ! ಲೂಪ್ ಅದೇ, ಬದಲಾದದ್ದು ಟೈಪ್ ಮಾತ್ರ.

ಫ್ಲೋಟ್ 32 ಬಿಟ್‌ನದು. ಅದರಲ್ಲಿ ನಿಖರತೆಗೆ ಸಿಗುವುದು 24 ಬಿಟ್, ಅಂದರೆ ಸುಮಾರು 7 ಅಂಕಿ. 64 ಬಿಟ್‌ನ ಡಬಲ್‌ಗೆ 53 ಬಿಟ್, 15-16 ಅಂಕಿ. ಮೊತ್ತ ಬೆಳೆದಂತೆ ಫ್ಲೋಟ್ ಹಿಡಿಯಬಲ್ಲ ಅಕ್ಕಪಕ್ಕದ ಸಂಖ್ಯೆಗಳ ಅಂತರವೂ ಬೆಳೆಯುತ್ತದೆ. 5,24,288 ದಾಟಿದ ಮೇಲೆ ಆ ಅಂತರ 0.0625. ಅಲ್ಲಿ 0.1 ಕೂಡಿಸಿದರೆ ನಿಜವಾಗಿ ಸೇರುವುದು 0.125, ಪ್ರತಿ ಸಲವೂ. ಲೂಪನ್ನು ಇನ್ನೂ ಓಡಲು ಬಿಟ್ಟರೆ 20,97,152ಕ್ಕೆ ಬಂದು ನಿಂತೇ ಬಿಡುತ್ತದೆ. ಅಲ್ಲಿ ಅಂತರ 0.25. ನಮ್ಮ 0.1 ಅದರ ಅರ್ಧವೂ ಇಲ್ಲ, ಹಾಗಾಗಿ ಎಷ್ಟು ಕೂಡಿಸಿದರೂ ಮೊತ್ತ ಅಲುಗಾಡುವುದಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನನಗೆ ಭಯ ಹುಟ್ಟಿಸುವುದು ಇದೇ.

ಹಾಗಂತ ಕಣ್ಣು ಮುಚ್ಚಿ ಎಲ್ಲ ಕಡೆ ಡಬಲ್ ಹಾಕುವುದೂ ಸರಿಯಲ್ಲ. 10 ಕೋಟಿ ಸಂಖ್ಯೆಗಳ ಅರೇಗೆ (ಸಾಲಾಗಿ ಇಟ್ಟ ಪಟ್ಟಿಗೆ) ಫ್ಲೋಟ್‌ನಲ್ಲಿ 400 ಎಂಬಿ ಸಾಕು, ಡಬಲ್‌ಗೆ 800 ಬೇಕು. ಸಿಪಿಯು ಲೆಕ್ಕ ಮಾಡುವಾಗ ಸಂಖ್ಯೆ ಇಟ್ಟುಕೊಳ್ಳುವ 256 ಬಿಟ್‌ನ ರಿಜಿಸ್ಟರ್‌ನಲ್ಲಿ ಒಮ್ಮೆಗೆ 8 ಫ್ಲೋಟ್ ಕೂರುತ್ತವೆ, ಡಬಲ್ ಆದರೆ 4. ಬಿಡಿ ಬಿಡಿ ಲೆಕ್ಕಗಳಲ್ಲಿ ಇಂದಿನ ಸಿಪಿಯು ಮೇಲೆ ವೇಗದ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಅಪರೂಪ. ಗೇಮಿಂಗ್ ಜಿಪಿಯುಗಳ (ಗ್ರಾಫಿಕ್ಸ್ ಚಿಪ್‌ಗಳ) ಕಥೆ ಬೇರೆ. ಅಲ್ಲಿ ಡಬಲ್ ಹಲವು ಪಟ್ಟು ನಿಧಾನ. ಗ್ರಾಫಿಕ್ಸ್, ಆಡಿಯೊ, ನ್ಯೂರಲ್ ನೆಟ್‌ವರ್ಕ್‌ಗಳಿಗೆ ಫ್ಲೋಟ್ ಧಾರಾಳವಾಗಿ ಸಾಕು.

ನನಗೆ ತುಂಬಾ ಹಿಡಿಸಿದ್ದು ಮೂರನೇ ದಾರಿ. ಸಂಖ್ಯೆಗಳನ್ನು ಫ್ಲೋಟ್ ಆಗಿಯೇ ಇಟ್ಟು, ಮೊತ್ತದ ವೇರಿಯಬಲ್ ಒಂದನ್ನು ಮಾತ್ರ ಡಬಲ್ ಮಾಡಿದೆ. ಉತ್ತರ 10,00,000.015. ಮೆಮೊರಿ ಅರ್ಧ ಉಳಿಯಿತು, ಆ 88 ಸಾವಿರವೂ ಮಾಯ. ಒಂದೇ ಪದ ಬದಲಿಸಿದ್ದಕ್ಕೆ ಇಷ್ಟು ಲಾಭ ಸಿಗುವುದು ಅಪರೂಪ ಅಲ್ವಾ?

ಅಕ್ಷಾಂಶ-ರೇಖಾಂಶಗಳಿಗೆ ಮಾತ್ರ ನೇರ ಡಬಲ್ ಇರಲಿ. 128 ಡಿಗ್ರಿ ದಾಟಿದ ರೇಖಾಂಶದಲ್ಲಿ ಫ್ಲೋಟ್‌ನ ಒಂದು ಹೆಜ್ಜೆ ಅಂದರೆ ಭೂಮಧ್ಯರೇಖೆಯ ಬಳಿ ಸುಮಾರು 1.7 ಮೀಟರ್. ಹಣದ ಲೆಕ್ಕಕ್ಕೆ ಎರಡೂ ಬೇಡ, ಪೂರ್ಣಾಂಕ ಬಳಸಿ.

ಎರಡನ್ನೂ ಬೆರೆಸುವಾಗ ಹೋಲಿಕೆಯ ಸಾಲುಗಳ ಮೇಲೆ ಕಣ್ಣಿಡಿ. ಸಿ ಭಾಷೆಯಲ್ಲಿ ಸುಮ್ನೆ 0.1 ಎಂದು ಬರೆದರೆ ಅದು ಡಬಲ್. ಫ್ಲೋಟ್ ವೇರಿಯಬಲ್‌ನಲ್ಲಿ 0.1 ಇಟ್ಟು, ಅದು 0.1ಕ್ಕೆ ಸಮವೇ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ಅಲ್ಲ’. 24 ಬಿಟ್‌ನಲ್ಲಿ ಕೂತ 0.1, 53 ಬಿಟ್‌ನಲ್ಲಿ ಕೂತ 0.1 ಒಂದೇ ಅಲ್ಲವಲ್ಲ.