ಎರಡು ಮಂಡಿ, ಎರಡು ಬಗೆಯ ದುರಸ್ತಿ

ನನ್ನ ಎರಡೂ ಮಂಡಿಗಳಲ್ಲಿ ಮೃದ್ವಸ್ಥಿ, ಅಂದರೆ ಮೂಳೆಯ ತುದಿಯನ್ನು ಮುಚ್ಚುವ ನುಣುಪಾದ ಪದರ, ಹಾಳಾಗಿತ್ತು. ಬಲ ಮಂಡಿಗೆ ಮೈಕ್ರೋಫ್ರಾಕ್ಚರ್ ಎಂಬ ಶಸ್ತ್ರಚಿಕಿತ್ಸೆ ಆಗಿ ನಾಲ್ಕು ವರ್ಷಗಳ ನಂತರ ಎಡ ಮಂಡಿಗೆ ಕೋಶ ಕಸಿ ಆಯಿತು. ಬಲಗಡೆಯ ಗಾಯ ಸುಮಾರು ಒಂದೂವರೆ ಚದರ ಸೆಂಟಿಮೀಟರ್, ಎಡಗಡೆಯದು ನಾಲ್ಕನ್ನೂ ಮೀರಿತ್ತು. ಆದ್ದರಿಂದ ಈ ಹೋಲಿಕೆ ಸರಿಸಮನಾದವುಗಳ ನಡುವಿನದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೃದ್ವಸ್ಥಿಗೆ ರಕ್ತನಾಳಗಳಿಲ್ಲದ ಕಾರಣ ಅದು ಚರ್ಮದಂತೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಮೈಕ್ರೋಫ್ರಾಕ್ಚರ್‌ನಲ್ಲಿ ಹಾಳಾದ ಪದರವನ್ನು ಹೆರೆದು ತೆಗೆದು, ಕೆಳಗಿನ ಮೂಳೆಯಲ್ಲಿ 3ರಿಂದ 4 ಮಿಲಿಮೀಟರ್ ಅಂತರಕ್ಕೊಂದರಂತೆ ಸಣ್ಣ ರಂಧ್ರಗಳನ್ನು ಮಾಡುತ್ತಾರೆ. ಮಜ್ಜೆಯಿಂದ ಒಸರಿದ ರಕ್ತ ಅಲ್ಲಿ ಹೆಪ್ಪುಗಟ್ಟಿ, ಅದರೊಳಗಿನ ಕೋಶಗಳಿಂದ ನಿಧಾನವಾಗಿ ಹೊಸ ಅಂಗಾಂಶ ಬೆಳೆಯುತ್ತದೆ. ಆದರೆ ಹಾಗೆ ಬೆಳೆಯುವುದು ಬಹುಪಾಲು ನಾರಿನಂಥ ಮೃದ್ವಸ್ಥಿ, ಮೂಲದಷ್ಟು ನುಣುಪೂ ಅಲ್ಲ, ಬಾಳಿಕೆಯದೂ ಅಲ್ಲ. ಚರ್ಮದಲ್ಲಿ ಮಾಡಿದ ಎರಡೇ ಸಣ್ಣ ತೂತುಗಳ ಮೂಲಕ ಎಲ್ಲವೂ ಮುಗಿದು ನಾನು ಅದೇ ದಿನ ಮನೆಗೆ ಬಂದಿದ್ದೆ.

1994ರಲ್ಲಿ ಸ್ವೀಡನ್ನಿನ ವೈದ್ಯರು ಫಲಿತಾಂಶ ಪ್ರಕಟಿಸಿದ ಕೋಶ ಕಸಿ ವಿಧಾನಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆ ಬೇಕು. ಮೊದಲ ಸಲ ಭಾರ ಬೀಳದ ಜಾಗದಿಂದ ಮೃದ್ವಸ್ಥಿಯ ಚೂರು ತೆಗೆದು ಪ್ರಯೋಗಾಲಯದಲ್ಲಿ ಅದರ ಕೋಶಗಳನ್ನು ವಾರಗಟ್ಟಲೆ ಬೆಳೆಸುತ್ತಾರೆ. ಎರಡನೆಯ ಸಲ, ನನ್ನ ವಿಷಯದಲ್ಲಿ, ಮಂಡಿಯನ್ನು ತೆರೆದೇ ಅವನ್ನು ಕೂರಿಸಿದರು. ನೋವು, ಬಾವು, ಖರ್ಚು ಎಲ್ಲವೂ ಇಲ್ಲಿಯೇ ಹೆಚ್ಚು.

ವಿಚಿತ್ರವೆಂದರೆ ಮೊದಲ ಆರು ವಾರಗಳಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಎರಡೂ ಸಲ ಊರುಗೋಲು, ಎರಡೂ ಸಲ ಪಾದವನ್ನು ನೆಲಕ್ಕೆ ಬರೀ ತಾಗಿಸುವ ಅನುಮತಿ, ಎರಡೂ ಸಲ ಕಾಲನ್ನು ತಾನೇ ಮಡಚಿ ಚಾಚುವ ಯಂತ್ರದ ಮೇಲೆ ದಿನಕ್ಕೆ ಆರು ತಾಸು. ತೊಡೆಯ ಮುಂಭಾಗದ ಸ್ನಾಯು ಕಣ್ಣೆದುರೇ ಸೊರಗುವುದನ್ನು ನೋಡುವುದು ಹೊಲಿಗೆಯ ನೋವಿಗಿಂತ ಕಷ್ಟವಾಗಿತ್ತು. ಬಲ ಮಂಡಿಯ ಗಾಯ ಚಿಕ್ಕದೆಂಬ ಸಲಿಗೆಯಿಂದ ನಾನು ಐದನೆಯ ವಾರವೇ ಊರುಗೋಲು ಬಿಟ್ಟೆ. ಅದು ನನ್ನದೇ ತಪ್ಪು. ಎಡಗಡೆಗೆ ಮಾತ್ರ ಫಿಸಿಯೋಥೆರಪಿಸ್ಟ್ ಹೇಳಿದಷ್ಟೇ ಮಾಡಿದೆ, ಒಂದು ವರ್ಷ ಓಡಲೂ ಇಲ್ಲ.

ಬಲ ಮಂಡಿ ಮೂರು ತಿಂಗಳಲ್ಲೇ ಹಗುರವೆನಿಸಿ, ಮೂರನೆಯ ವರ್ಷದಿಂದ ಮೆಟ್ಟಿಲು ಇಳಿಯುವಾಗ ಮತ್ತೆ ನೋಯತೊಡಗಿತು. ಅದರಲ್ಲಿ ವಿಧಾನದ ಪಾಲೆಷ್ಟು, ನನ್ನ ಅವಸರದ ಪಾಲೆಷ್ಟು ಎಂದು ಬೇರ್ಪಡಿಸಲಾರೆ. ಎಡ ಮಂಡಿ ಒಂದೂವರೆ ವರ್ಷ ಸತಾಯಿಸಿ, ಈಗ ಇಳಿಜಾರಿನಲ್ಲೂ ಸುಮ್ಮನಿದೆ. ಹಾಗಿದ್ದರೂ ಚಿಕ್ಕ ಗಾಯಕ್ಕೆ ನಾನು ಇಂದಿಗೂ ಮೊದಲನೆಯದನ್ನೇ ಆರಿಸಿಕೊಂಡೇನು, ಈ ಸಲ ಊರುಗೋಲನ್ನು ಪೂರ್ತಿ ಆರು ವಾರ ಹಿಡಿದು.